ಉಬ್ಬು ದಾಟಿದೊಡನೆ ಸ್ಟೀರಿಂಗ್ ಅದುರುವ ಹಳೆಯ ಜಿಪ್ಸಿ: ಡ್ಯಾಂಪರ್ ಬದಲಿಸಿದರೂ ನಿಂತಿಲ್ಲ

ಬಸವನಗುಡಿ ಜಿಪ್ಸಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 1999ರ ಮಾರುತಿ ಜಿಪ್ಸಿ ಕಿಂಗ್ ಇದೆ. 1298 ಸಿ.ಸಿ. ಎಂಜಿನ್, ಪವರ್ ಸ್ಟೀರಿಂಗ್ ಇಲ್ಲ. ವಾರದ ದಿನಗಳಲ್ಲಿ ಹೆಚ್ಚು ಹೊರಗೆ ತೆಗೆಯುವುದಿಲ್ಲ. ರಜೆಯಲ್ಲಿ ಮಾಗಡಿ, ಕನಕಪುರದ ಕಡೆಯ ಮಣ್ಣಿನ ದಾರಿಗಳಲ್ಲಿ ಓಡಿಸುತ್ತೇನೆ. ಹಿಂದಿನ ಮಾಲೀಕರು ಲೀಫ್ ಸ್ಪ್ರಿಂಗ್‌ನ ಶ್ಯಾಕಲ್‌ಗಳನ್ನು (ಪಟ್ಟಿಯ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿಗಳನ್ನು) ಉದ್ದ ಮಾಡಿಸಿ ಗಾಡಿಯನ್ನು ಸ್ವಲ್ಪ ಎತ್ತರಿಸಿದ್ದಾರೆ, ಮೂಲ ಅಳತೆಯ 205/70 ಆರ್ 15 ಟೈರ್‌ಗಳ ಜಾಗದಲ್ಲಿ 235/75 ಆರ್ 15 ಹಾಕಿಸಿದ್ದಾರೆ.

ತೊಂದರೆ ಹೀಗಿದೆ. ನಯವಾದ ರಸ್ತೆಯಲ್ಲಿ 80ರವರೆಗೂ ಗಾಡಿ ಸುಮ್ಮನೆ ಓಡುತ್ತದೆ. ಆದರೆ 60–65ರ ವೇಗದಲ್ಲಿ ಹೆಬ್ಬಾಳದ ಮೇಲ್ಸೇತುವೆಯ ಜೋಡಣೆಯನ್ನೋ, ಹೊರವರ್ತುಲ ರಸ್ತೆಯ ಯಾವುದಾದರೂ ಗುಂಡಿಯ ಅಂಚನ್ನೋ ಒಂದು ಬದಿಯ ಮುಂದಿನ ಚಕ್ರ ದಾಟಿದರೆ ಸಾಕು, ಸ್ಟೀರಿಂಗ್ ಎಡಕ್ಕೂ ಬಲಕ್ಕೂ ಹೊಡೆದುಕೊಳ್ಳಲು ಶುರುವಾಗುತ್ತದೆ. ಆ ಅಲ್ಲಾಟ ತಾನಾಗಿ ಕಡಿಮೆಯಾಗುವುದಿಲ್ಲ; ಕ್ಷಣದೊಳಗೆ ಬೆಳೆದು ಇಡೀ ಮುಂಭಾಗವೇ ಕುಣಿಯುತ್ತದೆ. ವೇಗವನ್ನು 30ಕ್ಕಿಂತ ಕೆಳಗೆ ಇಳಿಸಿದ ಮೇಲಷ್ಟೇ ನಿಲ್ಲುತ್ತದೆ. ಬ್ರೇಕ್ ಹಾಕುವಾಗ ಪ್ರತ್ಯೇಕವಾಗಿ ಯಾವ ನಡುಕವೂ ಇಲ್ಲ. ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವುದು ನಿಧಾನ ಎಂಬುದನ್ನೂ ಗಮನಿಸಿದ್ದೇನೆ.

ಚಕ್ರಗಳ ಬ್ಯಾಲೆನ್ಸಿಂಗ್ ಮತ್ತು ಅಲೈನ್‌ಮೆಂಟ್ ಆಗಿದೆ. ನಂತರ ಒಂದು ಗ್ಯಾರೇಜಿನವರು ಸ್ಟೀರಿಂಗ್ ಡ್ಯಾಂಪರ್ (ಅಲ್ಲಾಟವನ್ನು ತಗ್ಗಿಸುವ, ಶಾಕ್ ಅಬ್ಸಾರ್ಬರ್‌ನಂಥ ಭಾಗ) ಹೋಗಿದೆ ಎಂದು ಹೊಸದನ್ನು ಹಾಕಿದರು. ಕೆಲವು ವಾರ ಚೆನ್ನಾಗಿತ್ತು, ಈಗ ಮತ್ತೆ ಅದೇ ಕಥೆ. ಈಗ ಅವರು ಸ್ಟೀರಿಂಗ್ ಬಾಕ್ಸನ್ನೇ ಬದಲಿಸಬೇಕು ಎನ್ನುತ್ತಿದ್ದಾರೆ. ಅಷ್ಟು ಖರ್ಚಿಗೆ ಕೈ ಹಾಕುವ ಮೊದಲು ಮನೆಯಲ್ಲೇ ಯಾವುದನ್ನು ಯಾವ ಕ್ರಮದಲ್ಲಿ ಪರೀಕ್ಷಿಸಬಹುದು ಎಂದು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಹಳೇ ಸ್ಪ್ಯಾನರ್

ನಮಸ್ಕಾರ ಸರ್. ಬಾಕ್ಸ್ ಬದಲಿಸುವ ಮಾತನ್ನು ಸದ್ಯಕ್ಕೆ ಬದಿಗಿಡಿ. ನೀವು ಕೊಟ್ಟ ವಿವರಗಳಲ್ಲೇ ಅರ್ಧ ಉತ್ತರವಿದೆ.

ಸ್ಟೀರಿಂಗ್ ಅದುರುವುದರಲ್ಲಿ ಬೇರೆ ಬೇರೆ ಬಗೆಗಳಿವೆ, ಅವನ್ನು ಒಂದೇ ಎಂದುಕೊಂಡು ದುಡ್ಡು ಸುರಿಯುವವರೇ ಹೆಚ್ಚು. ಚಕ್ರದ ಬ್ಯಾಲೆನ್ಸ್ ತಪ್ಪಿದ್ದರೆ ನಡುಕವು ಒಂದು ನಿರ್ದಿಷ್ಟ ವೇಗದಲ್ಲಿ ಬಂದು, ಅದನ್ನು ದಾಟಿದಾಗ ಕಡಿಮೆಯಾಗುತ್ತದೆ; ಅದಕ್ಕೆ ಉಬ್ಬು ಬೇಕಿಲ್ಲ. ಬ್ರೇಕ್ ಡಿಸ್ಕ್ ವಾರೆಯಾಗಿದ್ದರೆ ಪೆಡಲ್ ಒತ್ತಿದಾಗ ಮಾತ್ರ ಕೈಗೆ ತಿಳಿಯುತ್ತದೆ. ನಿಮ್ಮದು ಇವೆರಡೂ ಅಲ್ಲ. ಉಬ್ಬಿನಿಂದ ಹುಟ್ಟಿ, ತನ್ನಷ್ಟಕ್ಕೆ ಬೆಳೆದು, ವೇಗ ತೀರಾ ಇಳಿಯುವವರೆಗೆ ನಿಲ್ಲದಿರುವುದು ಗಟ್ಟಿ ಆಕ್ಸಲ್ ಇರುವ ಗಾಡಿಗಳಿಗೆ ಬರುವ ಶಿಮ್ಮಿ. ಜಿಪ್ಸಿಯ ಮುಂದಿನ ಎರಡು ಚಕ್ರಗಳು ಒಂದೇ ಗಟ್ಟಿ ಆಕ್ಸಲ್‌ನ ತುದಿಗಳಲ್ಲಿ ಕಿಂಗ್ ಪಿನ್ ಎಂಬ ನಿಂತ ಕೀಲುಗಳ ಮೇಲೆ ಎಡಕ್ಕೂ ಬಲಕ್ಕೂ ತಿರುಗುತ್ತವೆ, ಟೈ ರಾಡ್ ಅವನ್ನು ಒಂದಕ್ಕೊಂದು ಕಟ್ಟಿಹಾಕಿರುತ್ತದೆ. ಒಂದು ಚಕ್ರಕ್ಕೆ ಪೆಟ್ಟು ಬಿದ್ದಾಗ ಎರಡೂ ಸೇರಿ ಪಕ್ಕಕ್ಕೆ ತಿರುಗುತ್ತವೆ, ಟೈರ್ ಅವನ್ನು ನೇರಕ್ಕೆ ಎಳೆಯುತ್ತದೆ, ಎಳೆತದ ಭರದಲ್ಲಿ ಅವು ಇನ್ನೊಂದು ಬದಿಗೆ ದಾಟುತ್ತವೆ. ಎಲ್ಲ ಕೀಲುಗಳೂ ಬಿಗಿಯಾಗಿದ್ದರೆ ಒಂದೆರಡು ಅಲ್ಲಾಟಕ್ಕೇ ಶಕ್ತಿ ಸತ್ತುಹೋಗುತ್ತದೆ. ಎಲ್ಲಾದರೂ ಆಟ, ಅಂದರೆ ಸಡಿಲ, ಇದ್ದರೆ, ಅಥವಾ ಇರಬೇಕಾದ ಘರ್ಷಣೆ ಇಲ್ಲದಿದ್ದರೆ, ಗಾಡಿಯ ಓಟವೇ ಅದಕ್ಕೆ ಮತ್ತೆ ಮತ್ತೆ ಶಕ್ತಿ ತುಂಬುತ್ತದೆ. ನಿಮ್ಮ ಟೈರಿನ ಸುತ್ತಳತೆ ಸುಮಾರು 2.3 ಮೀಟರ್, 60–65ರಲ್ಲಿ ಅದು ಸೆಕೆಂಡಿಗೆ 7ರಿಂದ 8 ಸುತ್ತು ಹಾಕುತ್ತದೆ. ಚಕ್ರದ ಸುತ್ತು ಮತ್ತು ಅಲ್ಲಾಟದ ಲಯ ಹತ್ತಿರ ಬಂದಾಗ ಸಣ್ಣ ಬ್ಯಾಲೆನ್ಸ್ ದೋಷವೂ ಅದನ್ನು ಕೆರಳಿಸಬಲ್ಲದು.

ಡ್ಯಾಂಪರ್ ಇಲ್ಲಿ ನೋವಿನ ಮಾತ್ರೆಯಷ್ಟೇ. ಹೊಸದು ಹಾಕಿದಾಗ ಕೆಲವು ವಾರ ಸುಮ್ಮನಿದ್ದು ಮತ್ತೆ ಶುರುವಾಗಿದೆ ಎಂದರೆ ಕಾರಣ ಬೇರೆಡೆ ಇದೆ ಎಂದೇ ಅರ್ಥ.

ಮನೆಯಲ್ಲಿ ಮಾಡಬೇಕಾದ ಮೊದಲ ಪರೀಕ್ಷೆಗೆ ಜಾಕ್ ಬೇಡ. ಗಾಡಿ ನಾಲ್ಕೂ ಚಕ್ರದ ಮೇಲೆ ಸಮತಟ್ಟಾದ ನೆಲದಲ್ಲಿ ನಿಂತಿರಲಿ. ಒಬ್ಬರು ಸ್ಟೀರಿಂಗನ್ನು ಮಧ್ಯದಿಂದ ಎರಡೂ ಬದಿಗೆ ಸ್ವಲ್ಪ ಸ್ವಲ್ಪವೇ, ಬೇಗ ಬೇಗ ಆಡಿಸುತ್ತಿರಲಿ. ನೀವು ಕೆಳಗೆ ಮಲಗಿ ಒಂದೊಂದೇ ಕೀಲಿನ ಮೇಲೆ ಕೈಯಿಟ್ಟು ನೋಡಿ. ಕಾಲಮ್ಮಿನ ರಬ್ಬರ್ ಜಾಯಿಂಟ್, ಬಾಕ್ಸನ್ನು ಚಾಸಿಗೆ ಬಿಗಿದಿರುವ ಬೋಲ್ಟ್‌ಗಳು, ಪಿಟ್‌ಮನ್ ಆರ್ಮ್ (ಬಾಕ್ಸಿನಿಂದ ಹೊರಬರುವ ತೋಳು), ಡ್ರ್ಯಾಗ್ ಲಿಂಕಿನ (ಆ ತೋಳಿನಿಂದ ಚಕ್ರದ ಕಡೆಗೆ ಹೋಗುವ ಸರಳಿನ) ಎರಡು ತುದಿ, ಟೈ ರಾಡಿನ ಎರಡು ತುದಿ: ಕೀಲಿನ ಒಂದು ಕಡೆ ಚಲಿಸಿ ಇನ್ನೊಂದು ಕಡೆ ತಡವಾಗಿ ಚಲಿಸಿದರೆ ಅಲ್ಲಿ ಸವೆತವಿದೆ. ಕಣ್ಣಿಗಿಂತ ಬೆರಳಿಗೆ ಇದು ಬೇಗ ಗೊತ್ತಾಗುತ್ತದೆ. ದೊಡ್ಡ ಟೈರ್ ಹಾಕಿದ ಗಾಡಿಗಳಲ್ಲಿ ಬಾಕ್ಸ್ ಕೂತಿರುವ ಜಾಗದ ಚಾಸಿಯಲ್ಲೇ ಬಿರುಕು ಬಿಡುವುದುಂಟು, ಆದ್ದರಿಂದ ಮಣ್ಣು ಒರೆಸಿ ಟಾರ್ಚ್ ಹಿಡಿದು ನೋಡಿ.

ನಂತರ ಹಿಂದಿನ ಚಕ್ರಗಳಿಗೆ ಅಡ್ಡ ಕಲ್ಲು ಕೊಟ್ಟು, ಮುಂದಿನ ಆಕ್ಸಲನ್ನು ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ. ಬರೀ ಜಾಕನ್ನು ನಂಬಿ ಅಡಿಗೆ ಹೋಗಬೇಡಿ. ಚಕ್ರವನ್ನು ಮೇಲೆ ಮತ್ತು ಕೆಳಗೆ ಹಿಡಿದು ಒಳಗೆ ಹೊರಗೆ ಅಲ್ಲಾಡಿಸಿ. ಆಟ ಕಂಡರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಬ್ರೇಕ್ ಕ್ಯಾಲಿಪರ್ ನಕಲ್‌ಗೆ (ಚಕ್ರವನ್ನು ಹೊತ್ತು ಕಿಂಗ್ ಪಿನ್ ಮೇಲೆ ತಿರುಗುವ ಭಾಗಕ್ಕೆ) ಕೂಡಿಕೊಂಡಿರುವುದರಿಂದ, ಪೆಡಲ್ ಒತ್ತಿದಾಗ ಹಬ್ ಮತ್ತು ನಕಲ್ ಒಂದಾಗುತ್ತವೆ. ಆಗ ಆಟ ಮಾಯವಾದರೆ ವೀಲ್ ಬೇರಿಂಗ್ ಸಡಿಲವಿದೆ. ಹಾಗೆಯೇ ಉಳಿದರೆ ಕಿಂಗ್ ಪಿನ್ ಬೇರಿಂಗ್. ನೋಡಿ ತಿಳಿಸಿ.

ರಿಮ್ಮು ಟೈರು

ಮೇಲಿನ ಉತ್ತರದ ಬಗ್ಗೆ ಗೌರವವಿದೆ, ಆದರೂ ಟೈರನ್ನು ಇಷ್ಟು ಬೇಗ ಬಿಟ್ಟುಬಿಡುವುದು ನನಗೆ ಸರಿ ಕಾಣುವುದಿಲ್ಲ. ಬ್ಯಾಲೆನ್ಸಿಂಗ್ ಆಗಿದೆ ಎಂಬ ಮಾತಿಗೆ ಅರ್ಥ ಬರುವುದು ರಿಮ್ಮನ್ನು ಯಂತ್ರದ ಮೇಲೆ ಸರಿಯಾಗಿ ಮಧ್ಯಕ್ಕೆ ಕೂರಿಸಿದ್ದರೆ ಮಾತ್ರ. ಜಿಪ್ಸಿ ರಿಮ್ಮಿನ ನಡುವಿನ ತೂತು ದೊಡ್ಡದು, ಸಾಧಾರಣ ಕಾರಿನ ಕೋನ್ ಅದಕ್ಕೆ ಹೊಂದದೆ ಓರೆಯಾಗಿ ಕೂತಿರುವುದನ್ನು ನೋಡಿದ್ದೇನೆ. ಮಡ್ ಟೈರಿನ ಗುಬುಟುಗಳು ಒಂದು ಕಡೆ ಹೆಚ್ಚು ಸವೆದು ಮೆಟ್ಟಿಲಿನಂತಾಗಿದ್ದರೂ ಅದುರುತ್ತದೆ, ಅದನ್ನು ಯಾವ ಬ್ಯಾಲೆನ್ಸಿಂಗ್ ಯಂತ್ರವೂ ಸರಿಪಡಿಸದು. ಗಾಡಿ ಎತ್ತಿರುವಾಗಲೇ ಚಕ್ರವನ್ನು ಕೈಯಲ್ಲಿ ತಿರುಗಿಸಿ, ಟೈರಿನ ಪಕ್ಕ ಒಂದು ಕಡ್ಡಿಯನ್ನು ಅಲುಗದಂತೆ ನಿಲ್ಲಿಸಿ, ರಿಮ್ ವಾರೆ ಇದೆಯೇ, ಟೈರ್ ದುಂಡಗಿದೆಯೇ ಎಂದು ನೋಡಿ. ಖರ್ಚಿಲ್ಲದ ಇನ್ನೊಂದು ಪರೀಕ್ಷೆಯೂ ಇದೆ. ಮುಂದಿನ ಜೋಡಿಯನ್ನು ಹಿಂದಕ್ಕೂ ಹಿಂದಿನದನ್ನು ಮುಂದಕ್ಕೂ ಹಾಕಿ ಅದೇ ರಸ್ತೆಯಲ್ಲಿ ಓಡಿಸಿ. ಅಲ್ಲಾಟದ ವೇಗವೋ ಬಲವೋ ಬದಲಾದರೆ ಟೈರಿನ ಪಾಲು ಎಷ್ಟು ಎಂದು ತಿಳಿಯುತ್ತದೆ. ಗಾಳಿಯ ಒತ್ತಡ ಎರಡು ಬದಿಗೂ ಸಮವಾಗಿರಲಿ. ಮಣ್ಣಿನ ದಾರಿಗೆಂದು ಇಳಿಸಿದ ಗಾಳಿಯನ್ನು ಮತ್ತೆ ತುಂಬದೆ ಹೆದ್ದಾರಿಗೆ ಬಂದರೂ ಶಿಮ್ಮಿ ಸುಲಭವಾಗಿ ಹುಟ್ಟುತ್ತದೆ.

ಹಳೇ ಸ್ಪ್ಯಾನರ್

ಟೈರ್ ಅದಲುಬದಲು ಮಾಡಿ ನೋಡಬೇಕು ಎಂಬುದನ್ನು ಒಪ್ಪುತ್ತೇನೆ. ಟೈರ್ ಕಿಡಿ ಹಚ್ಚಬಹುದು, ಆದರೆ ಅಲ್ಲಾಟ ಬೆಳೆಯಲು ಬಿಡುವ ಕೀಲು ಬೇರೆಯೇ ಇರುತ್ತದೆ ಎಂಬುದಷ್ಟೇ ನನ್ನ ವಾದ. ಬಿಗಿಯಾದ ಜಿಪ್ಸಿಗೆ ಸ್ವಲ್ಪ ಕೆಟ್ಟ ಟೈರ್ ಹಾಕಿದರೆ ನಡುಗುತ್ತದೆಯೇ ಹೊರತು ಕುಣಿಯುವುದಿಲ್ಲ.

ಇನ್ನೊಂದು ಎಚ್ಚರಿಕೆ. ಅಂತರ್ಜಾಲದಲ್ಲಿ ಈ ವಿಷಯದ ಮೇಲೆ ಸಿಗುವ ವಿಡಿಯೊಗಳಲ್ಲಿ ಹೆಚ್ಚಿನವು ಮುಂದೆ ಕಾಯಿಲ್ ಸ್ಪ್ರಿಂಗ್ ಇರುವ ಅಮೆರಿಕದ ಜೀಪ್‌ಗಳದು. ಅವರು ಮೊದಲು ಟ್ರ್ಯಾಕ್ ಬಾರ್ (ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಅಡ್ಡ ಸರಳು) ನೋಡಿ ಎನ್ನುತ್ತಾರೆ. ಜಿಪ್ಸಿಯಲ್ಲಿ ಅದು ಇಲ್ಲವೇ ಇಲ್ಲ. ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವುದು ಲೀಫ್ ಪಟ್ಟಿಗಳು, ಅವುಗಳ ಬುಶ್‌ಗಳು ಮತ್ತು ಯು ಬೋಲ್ಟ್‌ಗಳೇ. ಹಾಗಾಗಿ ಅವರು ಹೇಳುವ ಪರೀಕ್ಷೆಗಳಲ್ಲಿ ಟ್ರ್ಯಾಕ್ ಬಾರ್ ಇರುವ ಕಡೆ ನೀವು ಶ್ಯಾಕಲ್ ಬುಶ್ ಎಂದು ಓದಿಕೊಳ್ಳಿ. 2010ರಲ್ಲಿ ಬಂದ ಮಹೀಂದ್ರಾ ಥಾರ್‌ನ ಸಿ.ಆರ್.ಡಿ.ಇ. ಮಾದರಿಗೆ ಮುಂದೆ ಗಟ್ಟಿ ಆಕ್ಸಲ್ಲೇ ಇಲ್ಲ, ಆ ಗಾಡಿಯವರ ಅನುಭವವೂ ಇಲ್ಲಿಗೆ ಹೊಂದುವುದಿಲ್ಲ.

ಬಸವನಗುಡಿ ಜಿಪ್ಸಿ

ಇಬ್ಬರಿಗೂ ಧನ್ಯವಾದ. ಹೇಳಿದ ಕ್ರಮದಲ್ಲೇ ನೋಡಿದೆ. ನೆಲದ ಮೇಲಿನ ಪರೀಕ್ಷೆಯಲ್ಲಿ ಎಡಗಡೆಯ ಟೈ ರಾಡ್ ಎಂಡ್ ಒಂದರಲ್ಲಿ ಮಾತ್ರ ಬೆರಳಿಗೆ ಕ್ಲಿಕ್ ಎನಿಸುವಷ್ಟು ಆಟವಿದೆ. ಬಾಕ್ಸಿನ ಬೋಲ್ಟ್‌ಗಳು ಬಿಗಿಯಾಗಿವೆ, ಚಾಸಿಯಲ್ಲಿ ಬಿರುಕಿಲ್ಲ. ಸ್ಟೀರಿಂಗ್ ಚಕ್ರದ ಅಂಚಿನಲ್ಲಿ ಅಳೆದರೆ ಒಟ್ಟು ಆಟ ಒಂದು ಇಂಚಿನೊಳಗೇ ಇದೆ. ಶ್ಯಾಕಲ್‌ಗಳ ರಬ್ಬರ್ ಬುಶ್ ಗಟ್ಟಿಯಾಗಿ ಒಡೆದಿದೆ, ಆದರೆ ಸನ್ನೆಕೋಲು ಹಾಕಿ ಮೀಟಿದಾಗ ಹೆಚ್ಚೇನೂ ಸರಿಯಲಿಲ್ಲ.

ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಎರಡು ಬದಿಯಲ್ಲೂ ಆಟವೇ ಇಲ್ಲ. ಅಂದರೆ ಕಿಂಗ್ ಪಿನ್ ಸರಿಯಿದೆ ಎಂದು ತೀರ್ಮಾನಿಸಬಹುದೇ? ಟೈರ್ ಹಿಂದೆ ಮುಂದೆ ಮಾಡಿದ ಮೇಲೆ ಅಲ್ಲಾಟ ಶುರುವಾಗುವ ವೇಗ ಸ್ವಲ್ಪ ಮೇಲೆ ಹೋಗಿದೆ, ಆದರೆ ಶುರುವಾದರೆ ಮೊದಲಿನ ಹಾಗೆಯೇ. ನಕಲ್‌ನ ಹಿಂಬದಿಯಲ್ಲಿ, ದುಂಡಗಿನ ಉಕ್ಕಿನ ಭಾಗದ ಮೇಲೆ, ತೆಳುವಾದ ಕಪ್ಪು ಎಣ್ಣೆ ಜಿನುಗಿದೆ. ಇದಕ್ಕೂ ಅದಕ್ಕೂ ಸಂಬಂಧವಿದೆಯೇ ಗೊತ್ತಿಲ್ಲ.

ಹಳೇ ಸ್ಪ್ಯಾನರ್

ಸಂಬಂಧವಿದೆ, ಮತ್ತು ನೀವು ಕೇಳಿದ ಪ್ರಶ್ನೆಯೇ ಈ ಗಾಡಿಯಲ್ಲಿ ಹೆಚ್ಚಿನ ಮೆಕ್ಯಾನಿಕ್‌ಗಳು ಎಡವುವ ಜಾಗ. ಅಲ್ಲಾಡಿಸಿದಾಗ ಆಟ ಸಿಗಲಿಲ್ಲ ಎಂದರೆ ಕಿಂಗ್ ಪಿನ್ ಬೇರಿಂಗ್ ಸರಿಯಿದೆ ಎಂದಾಗುವುದಿಲ್ಲ.

ಜಿಪ್ಸಿಯ ಪ್ರತಿ ನಕಲ್‌ನಲ್ಲಿ ಮೇಲೊಂದು ಕೆಳಗೊಂದು ಟೇಪರ್ ರೋಲರ್ ಬೇರಿಂಗ್ ಇರುತ್ತದೆ. ಇವು ಬರೀ ಸಡಿಲವಿಲ್ಲದೆ ಇದ್ದರೆ ಸಾಲದು; ಒಂದಿಷ್ಟು ಒತ್ತಿ ಹಿಡಿದಂತೆ, ಅಂದರೆ ಪ್ರೀಲೋಡ್‌ನಲ್ಲಿ ಇರಬೇಕು. ನಕಲ್ ತಿರುಗಲು ಒಂದು ನಿಗದಿತ ಬಲ ಬೇಕಾಗುವುದು ಈ ಒತ್ತಡದಿಂದಲೇ, ಅಲ್ಲಾಟದ ಶಕ್ತಿಯನ್ನು ತಿನ್ನುವ ಘರ್ಷಣೆಯೂ ಅದೇ. ಬೇರಿಂಗ್ ಕೂದಲೆಳೆಯಷ್ಟು ಸವೆದರೂ ಪ್ರೀಲೋಡ್ ಸೊನ್ನೆಗೆ ಬರುತ್ತದೆ, ಆದರೆ ಕೈಗೆ ಸಿಗುವಂಥ ಆಟ ಇನ್ನೂ ಹುಟ್ಟಿರುವುದಿಲ್ಲ. ನಿಮ್ಮ ಗಾಡಿ ಈಗ ಈ ಹಂತದಲ್ಲಿದೆ ಎಂಬುದು ನನ್ನ ಅಂದಾಜು. ಆಕ್ಸಲ್‌ನ ಒಳಗಿನ ಆಯಿಲ್ ಸೀಲ್ ಹೋದಾಗ ಡಿಫರೆನ್ಷಿಯಲ್‌ನ ಗೇರ್ ಆಯಿಲ್ ನಕಲ್‌ಗೆ ಇಳಿದು ಗ್ರೀಸನ್ನು ತೆಳುವಾಗಿಸಿ ಹೊರಗೆ ಜಿನುಗುತ್ತದೆ. ಹೊರಗಿನ ಸೀಲ್ ಹರಿದಿದ್ದರೆ ಹಳ್ಳದ ನೀರು, ಮಣ್ಣು ಒಳಗೆ ಹೋಗುತ್ತದೆ. ಎರಡರಲ್ಲೂ ಮೊದಲು ಹಾಳಾಗುವುದು ಕೆಳಗಿನ ಬೇರಿಂಗ್.

ಪರೀಕ್ಷೆ ಹೀಗೆ. ಚಕ್ರ ತೆಗೆದು, ಟೈ ರಾಡನ್ನೂ ಡ್ರ್ಯಾಗ್ ಲಿಂಕನ್ನೂ ನಕಲ್‌ನಿಂದ ಬಿಡಿಸಿ, ಕೈಯಲ್ಲಿ ನಕಲ್ ತಿರುಗಿಸಿ ನೋಡಿ. ಬೆರಳಲ್ಲಿ ತಳ್ಳಿದರೆ ಬಾಗಿಲಿನಂತೆ ತೂಗಿದರೆ ಪ್ರೀಲೋಡ್ ಹೋಗಿದೆ. ನೇರ ಇರುವ ಜಾಗದಲ್ಲಿ ಮಾತ್ರ ಕಚ್ಚಿದಂತಾಗಿ, ಅದರಾಚೆ ಸಲೀಸಾದರೆ ರೋಲರ್‌ಗಳು ಕಪ್‌ನಲ್ಲಿ (ಬೇರಿಂಗಿನ ಹೊರಬಳೆಯಲ್ಲಿ) ಗುಳಿ ಮಾಡಿವೆ. ಗಾಡಿ ಬಹುಪಾಲು ನೇರವಾಗೇ ಓಡುವುದರಿಂದ ಎಲ್ಲ ಪೆಟ್ಟೂ ಅದೇ ಜಾಗಕ್ಕೆ ಬೀಳುತ್ತದೆ. ಆಗ ಷಿಮ್ (ಅಂತರ ಹೊಂದಿಸುವ ತೆಳು ತಗಡು) ತೆಗೆದು ಬಿಗಿಮಾಡಿ ಪ್ರಯೋಜನವಿಲ್ಲ, ಬೇರಿಂಗನ್ನು ಕಪ್ ಸಮೇತ ಬದಲಿಸಲೇಬೇಕು.

ಸರಿಯಾದ ಅಳತೆಗೆ ನಕಲ್‌ನ ಹಿಂಬದಿಯ ದೊಡ್ಡ ಸೀಲನ್ನು ಸಡಿಲಿಸಿ ಹಿಂದಕ್ಕೆ ಸರಿಸಿ, ಇಲ್ಲದಿದ್ದರೆ ಅದರ ಉಜ್ಜುವಿಕೆ ಲೆಕ್ಕ ತಪ್ಪಿಸುತ್ತದೆ. ಟೈ ರಾಡ್ ಕೂರುವ ತೂತಿಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಹಾಕಿ, ಆರ್ಮ್‌ಗೆ ಲಂಬವಾಗಿ ಎಳೆಯಿರಿ. ಜಿಪ್ಸಿಯ ಸೋದರ ಗಾಡಿಯಾದ ಸುಜುಕಿ ಸಮುರಾಯ್‌ಗೆ ಕೈಪಿಡಿ ಹೇಳುವ ಪ್ರಕಾರ ನಕಲ್ ತಿರುಗಲು ಶುರುವಾಗುವುದು 1.0ರಿಂದ 1.8 ಕೆ.ಜಿ. ಎಳೆತಕ್ಕೆ. ಕಡಿಮೆಯಿದ್ದರೆ ಕಿಂಗ್ ಪಿನ್ ಮುಚ್ಚಳದ ಕೆಳಗಿನ ಷಿಮ್ ಕಡಿಮೆ ಮಾಡಬೇಕು, ಹೆಚ್ಚಿದ್ದರೆ ಸೇರಿಸಬೇಕು. ಬಿಚ್ಚುವಾಗ ಮೇಲಿನ ಷಿಮ್ ಯಾವುದು, ಕೆಳಗಿನದು ಯಾವುದು, ಎಡ ಬಲ ಯಾವುದು ಎಂದು ಗುರುತು ಹಾಕಿ ಪ್ರತ್ಯೇಕವಾಗಿಡಿ. ನಕಲ್ ಆಕ್ಸಲ್‌ನ ಮಧ್ಯಕ್ಕೆ ಸರಿಯಾಗಿ ಕೂರುವುದೂ ಅವುಗಳಿಂದಲೇ. ಇಷ್ಟು ಬಿಚ್ಚಿದ ಮೇಲೆ ನಾಲ್ಕೂ ಬೇರಿಂಗ್, ಒಳಗಿನ ಮತ್ತು ಹೊರಗಿನ ಸೀಲ್‌ಗಳನ್ನು ಹೊಸದಾಗಿ ಹಾಕುವುದೇ ಮೇಲು. ಹಳೆಯದನ್ನು ತೊಳೆದು ಕೂರಿಸುವುದು ಕೂಲಿ ದಂಡ.

ಸ್ಟೀರಿಂಗ್ ಬಾಕ್ಸ್ ಮೇಲಿನ ಸ್ಕ್ರೂ ಬಿಗಿಮಾಡಿ ಆಟ ತೆಗೆಯುತ್ತೇವೆ ಎಂದು ಯಾರಾದರೂ ಬಂದರೆ ತಡೆಯಿರಿ. ಒಂದು ಇಂಚಿನೊಳಗಿನ ಆಟ ಆ ಬಾಕ್ಸಿಗೆ ಸಹಜ. ಅತಿಯಾಗಿ ಬಿಗಿದರೆ ಸ್ಟೀರಿಂಗ್ ಮಧ್ಯದಲ್ಲಿ ಹಿಡಿದುಕೊಂಡು, ಒಳಗಿನ ಹಲ್ಲು ಸವೆದು, ಆಮೇಲೆ ನಿಜವಾಗಿಯೂ ಬಾಕ್ಸ್ ಕೊಳ್ಳಬೇಕಾಗುತ್ತದೆ.

ಪಟ್ಟಿ ಕೆಲಸ

ಯಾರೂ ಶ್ಯಾಕಲ್ ಉದ್ದದ ವಿಷಯ ಎತ್ತಲಿಲ್ಲವಲ್ಲ ಎಂದು ಬರೆಯುತ್ತಿದ್ದೇನೆ. ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವುದು ನಿಧಾನ ಎಂದು ಪ್ರಶ್ನೆಯಲ್ಲೇ ಇದೆ. ಅದು ಕ್ಯಾಸ್ಟರ್, ಅಂದರೆ ಕಿಂಗ್ ಪಿನ್‌ನ ತಲೆ ಹಿಂದಕ್ಕೆ ವಾಲಿರುವ ಕೋನ, ಕಡಿಮೆಯಾಗಿರುವ ಲಕ್ಷಣ. ಜಿಪ್ಸಿಯ ಮುಂದಿನ ಪಟ್ಟಿಗೆ ಶ್ಯಾಕಲ್ ಇರುವುದು ಮುಂತುದಿಯಲ್ಲಿ. ಅದನ್ನು ಉದ್ದ ಮಾಡಿದರೆ ಪಟ್ಟಿಯ ಮುಂತುದಿ ಚಾಸಿಯಿಂದ ಕೆಳಗಿಳಿದು ಇಡೀ ಆಕ್ಸಲ್ ಮುಂದಕ್ಕೆ ಬಾಗುತ್ತದೆ, ಕಿಂಗ್ ಪಿನ್‌ನ ತಲೆ ಮುಂದಕ್ಕೆ ಬರುತ್ತದೆ. ಸಮುರಾಯ್‌ನ ಮೂಲ ಕ್ಯಾಸ್ಟರ್ ಮೂರೂವರೆ ಡಿಗ್ರಿ. ಪಟ್ಟಿಯ ಎರಡು ತುದಿಗಳ ನಡುವೆ ಒಂದು ಮೀಟರ್ ಎಂದು ಇಟ್ಟುಕೊಂಡು, ಶ್ಯಾಕಲ್ 50 ಮಿ.ಮೀ. ಉದ್ದವಾಗಿದೆ ಎಂದರೆ ಸುಮಾರು 3 ಡಿಗ್ರಿ ಅಲ್ಲಿಯೇ ಹೋಯಿತು. ಗಾಡಿ ಎತ್ತರವಾಗುವುದು ಅದರ ಅರ್ಧದಷ್ಟು ಮಾತ್ರ. ಅಷ್ಟು ಲಾಭಕ್ಕೆ ಇಷ್ಟು ನಷ್ಟ ಯಾಕೆ ಎಂಬುದು ನನಗೆ ಇಂದಿಗೂ ಅರ್ಥವಾಗಿಲ್ಲ.

ಅಲೈನ್‌ಮೆಂಟ್ ಅಂಗಡಿಯಲ್ಲಿ ಇದು ಸರಿಯಾಗುವುದಿಲ್ಲ. ಗಟ್ಟಿ ಆಕ್ಸಲ್ ಗಾಡಿಯಲ್ಲಿ ಅವರು ತಿರುಗಿಸಬಹುದಾದದ್ದು ಟೈ ರಾಡ್ ಮಾತ್ರ, ಅಂದರೆ ಟೋ ಇನ್ (ಮುಂದಿನ ಚಕ್ರಗಳ ಮುಂಭಾಗ ಒಳಕ್ಕೆ ತಿರುಗಿರುವ ಅಳತೆ). ಸಮುರಾಯ್‌ಗೆ ಅದು 2ರಿಂದ 6 ಮಿ.ಮೀ. ಆದರೆ ಯಂತ್ರದ ಪರದೆಯಲ್ಲಿ ಕ್ಯಾಸ್ಟರ್ ಅಂಕಿ ಬಂದಿರುತ್ತದೆ, ಆ ಚೀಟಿ ನಿಮ್ಮ ಬಳಿ ಇದ್ದರೆ ತೆಗೆದು ನೋಡಿ. ದಾರಿ ಎರಡಿದೆ. ಮೂಲ ಅಳತೆಯ ಶ್ಯಾಕಲ್‌ಗೆ ಮರಳುವುದು, ನನ್ನ ಮತ ಅದಕ್ಕೇ. ಇಲ್ಲವಾದರೆ ಪಟ್ಟಿಗೂ ಆಕ್ಸಲ್‌ಗೂ ನಡುವೆ ಇಳಿಜಾರಿನ ಪ್ಲೇಟ್ ಕೊಡುವುದು. ಜಿಪ್ಸಿಯಲ್ಲಿ ಪಟ್ಟಿ ಆಕ್ಸಲ್‌ನ ಕೆಳಗಿರುವುದರಿಂದ ಪ್ಲೇಟಿನ ದಪ್ಪ ತುದಿ ಮುಂದಕ್ಕೆ ಬರಬೇಕು. ತಿರುಗಿಸಿ ಹಾಕಿದರೆ ರೋಗ ಹೆಚ್ಚುತ್ತದೆ. ಕ್ಯಾಸ್ಟರ್ ಹೆಚ್ಚಿಸಿದಂತೆಲ್ಲ ಡಿಫರೆನ್ಷಿಯಲ್‌ನ ಮೂತಿ ಕೆಳಗಾಗಿ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುತ್ತದೆ, ಆದ್ದರಿಂದ ಕಡಿಮೆ ಡಿಗ್ರಿಯ ಪ್ಲೇಟಿನಿಂದಲೇ ಆರಂಭಿಸಿ.

ರಿಮ್ಮು ಟೈರು

ಸಾಮಾನು ತರಲು ಜೆ.ಸಿ. ರಸ್ತೆಗೆ ಹೋಗುವಾಗ ಹಳೆಯ ಬೇರಿಂಗನ್ನೇ ಕೈಯಲ್ಲಿ ಹಿಡಿದು ಹೋಗಿ, ಅದರ ಮೇಲೆ ಕೆತ್ತಿರುವ ಸಂಖ್ಯೆಯನ್ನು ಹೇಳಿ ಕೇಳಿ. ಸೀಲ್ ಕಿಟ್ ಅಗ್ಗದ್ದು ಬೇಡ. ಶಿವಾಜಿನಗರದ ಗುಜರಿಯಲ್ಲಿ ನಕಲ್, ಶ್ಯಾಕಲ್ ಸಿಗಬಹುದು. ಅಲ್ಲಿ ಬೇರಿಂಗ್ ಮತ್ತು ಟೈ ರಾಡ್ ಎಂಡ್ ಮಾತ್ರ ತೆಗೆದುಕೊಳ್ಳಬೇಡಿ. ಟೈ ರಾಡ್ ಎಂಡ್ ಬದಲಿಸಿದ ಮೇಲೆ ಟೋ ಇನ್ ಮತ್ತೆ ನೋಡಿಸಲೇಬೇಕು.

ಬಸವನಗುಡಿ ಜಿಪ್ಸಿ

ಕೆಲಸ ಮುಗಿಯಿತು. ಎಡಗಡೆ ನಕಲ್ ಬಿಚ್ಚಿದಾಗ ಕೆಳಗಿನ ಬೇರಿಂಗ್ ಕಪ್‌ನಲ್ಲಿ ಸಾಲಾಗಿ ಗೆರೆಗಳು ಬಿದ್ದಿದ್ದವು, ಗ್ರೀಸ್ ಎಂಬುದು ಕಪ್ಪು ನೀರಾಗಿತ್ತು. ಬಲಗಡೆ ಗೆರೆ ಇರಲಿಲ್ಲ, ಆದರೆ ತಕ್ಕಡಿ ಅರ್ಧ ಕೆ.ಜಿ. ತೋರಿಸುವ ಮೊದಲೇ ನಕಲ್ ತಿರುಗಿತು. ನಾಲ್ಕೂ ಬೇರಿಂಗ್, ಸೀಲ್‌ಗಳು, ಎಡಗಡೆಯ ಟೈ ರಾಡ್ ಎಂಡ್ ಹೊಸದಾಗಿವೆ. ಎರಡೂ ಬದಿಯನ್ನು ಒಂದೂವರೆ ಕೆ.ಜಿ. ಸುಮಾರಿಗೆ ಹೊಂದಿಸಿದ್ದೇವೆ. ಅಲೈನ್‌ಮೆಂಟ್ ಚೀಟಿಯಲ್ಲಿ ಕ್ಯಾಸ್ಟರ್ ಒಂದು ಡಿಗ್ರಿಗಿಂತ ಕಡಿಮೆ ಇತ್ತು. ಸದ್ಯ ಶ್ಯಾಕಲ್ ಮುಟ್ಟಿಲ್ಲ, ಒಂದೇ ಸಲ ಎರಡು ಬದಲಾವಣೆ ಮಾಡಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲವಲ್ಲ.

ಈಗ ಅದೇ ಮೇಲ್ಸೇತುವೆಯ ಜೋಡಣೆಯನ್ನು 65ರಲ್ಲಿ ದಾಟಿದರೆ ಸ್ಟೀರಿಂಗ್ ಒಮ್ಮೆ ತಟ್ಟಿ ಸುಮ್ಮನಾಗುತ್ತದೆ. ತಿರುವಿನ ನಂತರ ನೇರಕ್ಕೆ ಬರುವುದು ಮೊದಲಿಗಿಂತಲೂ ಸ್ವಲ್ಪ ಸೋಮಾರಿಯಾಗಿದೆ. ಬಹುಶಃ ಹೊಸ ಬೇರಿಂಗ್‌ಗಳ ಬಿಗಿಯಿಂದ ಹೀಗಾಗಿರಬೇಕು.

ಹಳೇ ಸ್ಪ್ಯಾನರ್

ಹೌದು, ಪ್ರೀಲೋಡ್ ಹೆಚ್ಚಿದಾಗ ಕಡಿಮೆ ಕ್ಯಾಸ್ಟರ್‌ನ ದೋಷ ಇನ್ನಷ್ಟು ಕಾಣುತ್ತದೆ. ಬೇರಿಂಗ್ ಸ್ವಲ್ಪ ಓಡಿ ಕೂತ ಮೇಲೂ ಹಾಗೆಯೇ ಇದ್ದರೆ ಮೂಲ ಶ್ಯಾಕಲ್ ಹಾಕಿಸಿ, ಒಡೆದ ಬುಶ್‌ಗಳೂ ಆಗಲೇ ಬದಲಾಗುತ್ತವೆ. ಅಲ್ಲಿಯವರೆಗೆ ಹೆದ್ದಾರಿಯಲ್ಲಿ ಅಲ್ಲಾಟ ಮತ್ತೆ ಬಂದರೆ ಸ್ಟೀರಿಂಗ್ ಜೊತೆ ಗುದ್ದಾಡಬೇಡಿ: ಹೆಬ್ಬೆರಳನ್ನು ಒಳಗೆ ಸಿಕ್ಕಿಸದೆ ಗಟ್ಟಿಯಾಗಿ ಹಿಡಿದು, ಆಕ್ಸಲರೇಟರ್ ಬಿಟ್ಟು, ನೇರ ದಾರಿಯಲ್ಲೇ ಮೃದುವಾಗಿ ಬ್ರೇಕ್ ಹಾಕಿ ವೇಗ ಇಳಿಸಿ. ಯು ಬೋಲ್ಟ್ ಮತ್ತು ಕಿಂಗ್ ಪಿನ್ ಮುಚ್ಚಳದ ಬೋಲ್ಟ್‌ಗಳನ್ನು ಮುಂದಿನ ಮಣ್ಣಿನ ದಾರಿಗೆ ಹೊರಡುವ ಮೊದಲು ಟಾರ್ಕ್ ರೆಂಚ್‌ನಿಂದ ಇನ್ನೊಮ್ಮೆ ನೋಡಿ. ಶ್ಯಾಕಲ್ ಬದಲಿಸಿದ ಮೇಲಿನ ಕ್ಯಾಸ್ಟರ್ ಅಂಕಿಯನ್ನು ಇಲ್ಲಿ ಹಾಕಿದರೆ ಎತ್ತರಿಸಿದ ಜಿಪ್ಸಿ ಇರುವ ಬೇರೆಯವರಿಗೂ ಉಪಯೋಗವಾಗುತ್ತದೆ.